ಮೊದಲ ಪುಸ್ತಕಕ್ಕೆ ಪ್ರಕಾಶನದ ದಾರಿ: ಕರಾವಳಿಯ ಹೊಸ ಲೇಖಕರಿಗೊಂದು ಮಾರ್ಗದರ್ಶಿ

ಹಸ್ತಪ್ರತಿ ಮುಗಿದ ಕೂಡಲೇ ಮಂಗಳೂರು, ಉಡುಪಿ ಕಡೆಯ ಹೊಸ ಲೇಖಕರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಒಳ್ಳೆಯ ಪ್ರೆಸ್ಸು ಯಾವುದು, ಪುಟಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು. ಇದು ಈ ಊರುಗಳಿಗೆ ಸಹಜವಾದ ಪ್ರಶ್ನೆಯೇ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಇಲ್ಲಿಯೇ ಅಚ್ಚಾಯಿತು, ಮುಂದೆ ಮಣಿಪಾಲವು ಮುದ್ರಣಕ್ಕೆ ಹೆಸರಾಯಿತು. ಅಚ್ಚಿನ ಮನೆ ಇಷ್ಟು ಹತ್ತಿರವಿರುವಲ್ಲಿ ಮುದ್ರಣವೇ ಪ್ರಕಾಶನ ಎಂಬ ಭಾವನೆ ಬೆಳೆದುಬಿಡುತ್ತದೆ. ಆದರೆ ಇಂದು ಪುಸ್ತಕದ ಕೆಲಸದಲ್ಲಿ ಅತ್ಯಂತ ಸುಲಭವಾದ ಭಾಗವೆಂದರೆ ಮುದ್ರಣ. ಆಯ್ಕೆ, ಸಂಪಾದನೆ, ಬಂಡವಾಳ, ವಿತರಣೆ, ಲೆಕ್ಕಪತ್ರ ಇವುಗಳ ಹೊಣೆ ಹೊರುವವರು ಯಾರು ಎಂಬುದರ ಮೇಲೆ ಪುಸ್ತಕದ ಗತಿ ನಿಂತಿದೆ. ಅದರಲ್ಲೂ ಅಚ್ಚಾದ ಪ್ರತಿಯನ್ನು ಓದುಗರ ಕೈವರೆಗೆ ಒಯ್ಯುವವರು ಯಾರು ಎಂಬುದನ್ನು ತಿಳಿದುಕೊಂಡ ಮೇಲೆಯೇ ದಾರಿಯನ್ನು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹೆಜ್ಜೆಗಳನ್ನು ಈ ದೃಷ್ಟಿಯಿಂದಲೇ ಬರೆದಿದ್ದೇನೆ.

ಓದುಗರು ಎಲ್ಲಿದ್ದಾರೆ?

ಒಂದು ಹಾಳೆ ತೆಗೆದುಕೊಂಡು, ನಿಮ್ಮ ಪುಸ್ತಕವನ್ನು ಹಣ ಕೊಟ್ಟು ಕೊಳ್ಳಬಹುದಾದವರು ಯಾರು, ಅವರು ಯಾವ ಊರಿನಲ್ಲಿದ್ದಾರೆ, ಪುಸ್ತಕವನ್ನು ಎಲ್ಲಿಂದ ತರಿಸಿಕೊಳ್ಳುತ್ತಾರೆ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಕಥಾಸಂಕಲನದ ಓದುಗರು ರಾಜ್ಯದಾದ್ಯಂತ ಚದುರಿರುತ್ತಾರೆ. ಅವರನ್ನು ತಲುಪಲು ಬೆಂಗಳೂರು, ಧಾರವಾಡ, ಮೈಸೂರುಗಳ ಅಂಗಡಿಗಳಿಗೆ ದಾರಿ ಇರುವ ಪ್ರಕಾಶಕರು ಬೇಕು. ಒಂದು ದೇವಸ್ಥಾನದ ಇತಿಹಾಸ, ಒಂದು ಕುಟುಂಬದ ವಂಶಾವಳಿ, ಒಂದು ಊರಿನ ಭೂತಾರಾಧನೆಯ ವಿವರಗಳನ್ನು ಬರೆದವರ ಓದುಗರು ಆ ಸುತ್ತಿನಲ್ಲೂ ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಇಲ್ಲಿಯವರಲ್ಲೂ ಇರುತ್ತಾರೆ. ಅಂಥ ಪುಸ್ತಕಕ್ಕೆ ದೊಡ್ಡ ಪ್ರಕಾಶಕರ ಬೆನ್ನು ಹತ್ತಿ ವರ್ಷಗಟ್ಟಲೆ ಕಾಯುವುದಕ್ಕಿಂತ, ಸ್ವತಃ ಪ್ರಕಟಿಸಿ ನೇರವಾಗಿ ತಲುಪಿಸುವುದೇ ಮೇಲು. ಕಾಲೇಜು ಅಧ್ಯಾಪಕರ ಸಂಶೋಧನ ಪ್ರಬಂಧಕ್ಕೆ ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗವನ್ನು, ಇಲ್ಲವೇ ಉಡುಪಿಯ ಎಂಜಿಎಂ ಕಾಲೇಜಿನಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಸಂಸ್ಥೆಯನ್ನು ಮೊದಲು ವಿಚಾರಿಸುವುದು ಯುಕ್ತ. ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಬರೆಯುವವರಿಗೆ ಆಯಾ ಅಕಾಡೆಮಿಗಳು ಮಂಗಳೂರಿನಲ್ಲಿಯೇ ಇವೆ.

ಇನ್ನೂ ಪುಸ್ತಕದ ಅವಸರವಿಲ್ಲದವರು ಬಿಡಿ ಕಥೆ, ಪ್ರಬಂಧಗಳನ್ನು ಪತ್ರಿಕೆಗಳಿಗೆ ಕಳುಹಿಸಬೇಕು. ‘ತರಂಗ’, ‘ತುಷಾರ’ ಮಣಿಪಾಲದಿಂದಲೇ ಹೊರಡುತ್ತವೆ. ಹತ್ತಾರು ಬರಹಗಳು ಅಲ್ಲಲ್ಲಿ ಪ್ರಕಟವಾದ ಲೇಖಕರ ಹಸ್ತಪ್ರತಿಯನ್ನು ಪ್ರಕಾಶಕರು ತೆರೆದು ನೋಡುವ ಸಾಧ್ಯತೆ ಹೆಚ್ಚು. ನೀವು ಬರೆದುಕೊಡದ ಹೊರತು, ಹವ್ಯಾಸಿ ಲೇಖಕರಾಗಿ ಪತ್ರಿಕೆಗೆ ಬರೆದುದರ ಹಕ್ಕು ನಿಮ್ಮಲ್ಲಿಯೇ ಉಳಿಯುತ್ತದೆ.

ಹಸ್ತಪ್ರತಿಯ ಸಿದ್ಧತೆ

ಯಾವ ದಾರಿ ಹಿಡಿದರೂ ಮೂಲ ಪ್ರತಿ ಎಲ್ಲ ಗಣಕಗಳಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಗಳಲ್ಲಿ ನಿಮ್ಮ ಬಳಿ ಇರಬೇಕು. ಡಿಟಿಪಿ ಕೇಂದ್ರಗಳಲ್ಲಿ ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಪುಟ ಕಟ್ಟುವುದು ಈಗಲೂ ಕಾಣಸಿಗುತ್ತದೆ. ಯೂನಿಕೋಡ್ ಪ್ರತಿಯನ್ನು ಅವುಗಳಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆಗಳು ಸ್ಥಾನ ತಪ್ಪುವುದುಂಟು. ಆದ್ದರಿಂದ ಪರಿವರ್ತನೆಯಾದ ಮೇಲೆ ಇನ್ನೊಮ್ಮೆ ಕರಡು ತಿದ್ದುವುದು ಅನಿವಾರ್ಯ. ಇದಕ್ಕಿಂತ ಹೆಚ್ಚು ಜನ ಗಮನಿಸದೆ ಬಿಡುವ ಸಂಗತಿಯೊಂದಿದೆ. ಕರಡಚ್ಚಿನಲ್ಲಿ ನೀವು ಮಾಡಿದ ತಿದ್ದುಪಡಿಗಳೆಲ್ಲ ಡಿಟಿಪಿಯವರ ಕಡತದಲ್ಲಿ ಮಾತ್ರ ಸೇರುತ್ತವೆ. ನಿಮ್ಮ ಗಣಕದಲ್ಲಿರುವುದು ತಿದ್ದದ ಪ್ರತಿಯಾಗಿಯೇ ಉಳಿಯುತ್ತದೆ. ಎರಡನೆಯ ಮುದ್ರಣಕ್ಕೋ ಇ-ಪುಸ್ತಕಕ್ಕೋ ಹೊರಟಾಗ ಹಳೆಯ ತಪ್ಪುಗಳೆಲ್ಲ ಮರಳಿ ಬರುತ್ತವೆ. ತಿದ್ದುಪಡಿಗಳನ್ನು ನಿಮ್ಮ ಯೂನಿಕೋಡ್ ಪ್ರತಿಯಲ್ಲೂ ಅಂದಂದೇ ಸೇರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಪಿಡಿಎಫ್ ಮಾತ್ರವಲ್ಲದೆ ತಿದ್ದಲು ಬರುವ ಮೂಲ ಕಡತವನ್ನೂ ಕೇಳಿ ಪಡೆಯಿರಿ. ಇದನ್ನು ಹಣ ಮಾತನಾಡುವ ಹೊತ್ತಿನಲ್ಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಹಸ್ತಪ್ರತಿಯನ್ನು ಸ್ನೇಹಿತರಲ್ಲದ ಇಬ್ಬರಿಗೆ ಓದಲು ಕೊಡಿ. ಕರಡು ತಿದ್ದಲು ನುರಿತವರೊಬ್ಬರಿಗೆ ಸಂಭಾವನೆ ಕೊಟ್ಟೇ ಕೆಲಸ ಒಪ್ಪಿಸಿ. ನಿವೃತ್ತ ಕನ್ನಡ ಅಧ್ಯಾಪಕರಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು ನಮ್ಮ ಎರಡೂ ಜಿಲ್ಲೆಗಳಲ್ಲಿದ್ದಾರೆ.

ಪ್ರಕಾಶಕರನ್ನು ಹುಡುಕುವುದು

ನಿಮ್ಮ ಬರವಣಿಗೆಯ ಪ್ರಕಾರಕ್ಕೇ ಸೇರಿದ, ಇತ್ತೀಚಿನ ನಾಲ್ಕೈದು ವರ್ಷಗಳ ಪುಸ್ತಕಗಳನ್ನು ಅಂಗಡಿಯಲ್ಲೋ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ತೆಗೆದು, ಶೀರ್ಷಿಕೆಯ ಹಿಂಬದಿಯ ಪುಟವನ್ನು ಗಮನವಿಟ್ಟು ಓದಿ. ಕನ್ನಡದ ಅನೇಕ ಪುಸ್ತಕಗಳು ಅಲ್ಲಿ ಹಕ್ಕು ಯಾರದು, ಎಷ್ಟನೆಯ ಮುದ್ರಣ, ಎಷ್ಟು ಪ್ರತಿಗಳು, ಬಳಸಿದ ಕಾಗದ ಯಾವುದು ಎಂಬುದನ್ನೆಲ್ಲ ಅಚ್ಚು ಹಾಕಿರುತ್ತವೆ. ಒಬ್ಬ ಪ್ರಕಾಶಕರ ಪಟ್ಟಿಯಲ್ಲಿ ಹೊಸ ಲೇಖಕರ ಪುಸ್ತಕಗಳು ಎರಡನೆಯ ಮುದ್ರಣ ಕಂಡಿವೆಯೇ ಎಂಬುದು ಅವರ ವಿತರಣೆಯ ಬಗ್ಗೆ ಯಾವ ಜಾಹೀರಾತಿಗಿಂತಲೂ ನಂಬುವಂಥ ಸಾಕ್ಷ್ಯ. ಪುಸ್ತಕದ ಅಂಗಡಿಯವರನ್ನೂ ಕೇಳಿ: ಯಾರ ಪುಸ್ತಕಗಳು ನಿಯಮಿತವಾಗಿ ಬರುತ್ತವೆ, ಖಾಲಿಯಾದಾಗ ಯಾರು ಬೇಗ ಕಳುಹಿಸುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಪ್ರಕಾಶಕರ ನಿಜವಾದ ಆಸ್ತಿ ಅವರ ಓದುಗರ ಜಾಲ. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ವರ್ಷದ ಪುಸ್ತಕಗಳನ್ನು ಒಟ್ಟಾಗಿ ತಲುಪಿಸುವ ಕ್ರಮದಿಂದ ಬೆಳೆಯಿತು. ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕೆ ರಂಗಭೂಮಿ ಮತ್ತು ವೈಚಾರಿಕ ಬರಹಗಳ ಓದುಗರ ಬಳಗವಿದೆ. ನವಕರ್ನಾಟಕ, ಸಪ್ನದಂಥವರಿಗೆ ಸ್ವಂತ ಮಳಿಗೆಗಳಿವೆ. ನಿಮ್ಮ ಪುಸ್ತಕ ಯಾವ ಜಾಲಕ್ಕೆ ಹೊಂದುತ್ತದೆ ಎಂದು ನೋಡಿ ಮೂರು ನಾಲ್ಕು ಹೆಸರುಗಳನ್ನಷ್ಟೇ ಆರಿಸಿಕೊಳ್ಳಿ.

ಬಳಿಕ ಒಂದು ಪುಟದ ಪತ್ರ ಬರೆಯಿರಿ. ಪುಸ್ತಕ ಯಾವ ಪ್ರಕಾರದ್ದು, ಎಷ್ಟು ಪದಗಳಿವೆ, ಯಾರು ಓದಬಹುದು, ಹಿಂದೆ ನಿಮ್ಮದು ಎಲ್ಲಿ ಪ್ರಕಟವಾಗಿದೆ, ಮಾರಾಟಕ್ಕೆ ನೀವು ಯಾವ ರೀತಿಯಲ್ಲಿ ನೆರವಾಗಬಲ್ಲಿರಿ ಎಂಬುದು ಅದರಲ್ಲಿರಲಿ. ಜೊತೆಗೆ ಸಾರಾಂಶ ಮತ್ತು ಎರಡು ಅಧ್ಯಾಯಗಳನ್ನು ಮಾತ್ರ ಇಡಿ. ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತವೆ. ಮೂರು ತಿಂಗಳಾದ ಮೇಲೆ ವಿನಯದಿಂದ ನೆನಪಿಸುವುದರಲ್ಲಿ ತಪ್ಪೇನೂ ಇಲ್ಲ. ಏಕಕಾಲಕ್ಕೆ ಇಬ್ಬರಿಗೆ ಕಳುಹಿಸಿದ್ದರೆ ಆ ಮಾತನ್ನು ಪತ್ರದಲ್ಲಿಯೇ ತಿಳಿಸಿಬಿಡಿ.

ಈ ದಾರಿಯಲ್ಲಿ ಲೇಖಕರು ಹಣ ಹಾಕಬೇಕಿಲ್ಲ. ರಾಯಧನ, ಅಂದರೆ ಮಾರಾಟದಲ್ಲಿ ಲೇಖಕರ ಪಾಲು, ಸಾಮಾನ್ಯವಾಗಿ ಮುಖಬೆಲೆಯ ಶೇ. 10ರ ಆಸುಪಾಸಿನಲ್ಲಿರುತ್ತದೆ, ಹಣದ ಬದಲು ಪ್ರತಿಗಳನ್ನೇ ಕೊಡುವ ರೂಢಿಯೂ ಕನ್ನಡದಲ್ಲಿದೆ. ₹200 ಬೆಲೆಯ ಪುಸ್ತಕದ 500 ಪ್ರತಿಗಳೂ ಮಾರಾಟವಾದರೆ ಲೇಖಕರಿಗೆ ದಕ್ಕುವುದು ₹10,000. ಇದು ಸಣ್ಣ ಮೊತ್ತವೆಂದು ಬೇಸರಿಸುವ ಮುನ್ನ, ಪುಸ್ತಕ ಮಾರಾಟವಾಗದೆ ಉಳಿದರೆ ಆಗುವ ನಷ್ಟವೂ ಪ್ರಕಾಶಕರದೇ ಎಂಬುದನ್ನು ನೆನೆಯಬೇಕು.

ಸ್ಪರ್ಧೆ ಮತ್ತು ಪ್ರೋತ್ಸಾಹಧನ

ಹೊಸಬರಿಗೆ ನಾನು ಮನಃಪೂರ್ವಕವಾಗಿ ಸೂಚಿಸುವ ದಾರಿಯಿದು. ಅಚ್ಚಾಗದ ಹಸ್ತಪ್ರತಿಗಳಿಗೆಂದೇ ಕನ್ನಡದಲ್ಲಿ ಕೆಲವು ಅವಕಾಶಗಳಿವೆ. ಕಾರ್ಕಳ ತಾಲೂಕಿನ ಕಾಂತಾವರ ಕನ್ನಡ ಸಂಘವು ಕವನಸಂಕಲನದ ಹಸ್ತಪ್ರತಿಗೆ ಮುದ್ದಣ ಕಾವ್ಯ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ಬೆಂಗಳೂರಿನ ಛಂದ ಪುಸ್ತಕವು ಮೊದಲ ಕಥಾಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ, ಗೆದ್ದ ಕೃತಿಯನ್ನು ಪ್ರಕಟಿಸಿದೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆಯಿದೆ. ವಯಸ್ಸಿನ ಮಿತಿ, ಮೊತ್ತ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಇವೆಲ್ಲ ಹಸ್ತಪ್ರತಿಯನ್ನು ನೋಡುವ ಏರ್ಪಾಡುಗಳಾದ್ದರಿಂದ, ಅವಸರಕ್ಕೆ ಬಿದ್ದು ಮೊದಲೇ ಅಚ್ಚು ಹಾಕಿಸಿದವರಿಗೆ ಬಾಗಿಲು ಮುಚ್ಚಿಹೋಗುತ್ತದೆ. ಈ ಒಂದು ಕಾರಣಕ್ಕಾಗಿಯೇ ಒಂದು ವರ್ಷ ತಡೆದರೂ ನಷ್ಟವಿಲ್ಲ. ಬಹುಮಾನ ಬಂದ ಹಸ್ತಪ್ರತಿಯನ್ನು ಪ್ರಕಾಶಕರು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ. ಬಾರದಿದ್ದರೂ ಪ್ರತಿಯನ್ನು ಇನ್ನೊಮ್ಮೆ ತಿದ್ದಲು ಆ ಅವಧಿ ಒದಗಿರುತ್ತದೆ.

ಲೇಖಕರಿಂದ ಹಣ ಕೇಳುವ ಪ್ರಕಾಶಕರು

‘ನಿಮ್ಮ ಪುಸ್ತಕ ಆಯ್ಕೆಯಾಗಿದೆ, ಇಷ್ಟು ಮೊತ್ತ ಕಟ್ಟಿದರೆ ಪ್ರಕಟಿಸುತ್ತೇವೆ’ ಎಂಬ ಪತ್ರ ಬಂದಾಗ ಹೊಸ ಲೇಖಕರಿಗೆ ಸಂತೋಷದ ಜೊತೆಗೆ ಗೊಂದಲವೂ ಆಗುತ್ತದೆ. ಇಂಥವರೆಲ್ಲ ಮೋಸಗಾರರೆಂದು ಹೇಳುವುದು ಅನ್ಯಾಯ. ಹಣ ಪಡೆದು ವಿನ್ಯಾಸ, ಮುದ್ರಣಗಳನ್ನು ಅಚ್ಚುಕಟ್ಟಾಗಿ ಮಾಡಿಕೊಡುವವರೂ ಇದ್ದಾರೆ. ಆದರೆ ಅಲ್ಲಿ ನೀವು ಗ್ರಾಹಕರು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಬಂಡವಾಳ ನಿಮ್ಮದಾದ್ದರಿಂದ, ಪುಸ್ತಕ ಮಾರಾಟವಾಗದಿದ್ದರೆ ಅವರಿಗೆ ಏನೂ ನಷ್ಟವಿಲ್ಲ.

ಹಣ ಕಟ್ಟುವ ಮುಂಚೆ ಬರಹದಲ್ಲಿ ಉತ್ತರ ಪಡೆಯಬೇಕಾದ ಕೆಲವು ಪ್ರಶ್ನೆಗಳಿವೆ. ನಿಖರವಾಗಿ ಎಷ್ಟು ಪ್ರತಿ ಅಚ್ಚಾಗುತ್ತದೆ, ಅವುಗಳಲ್ಲಿ ಎಷ್ಟು ನಿಮ್ಮ ಕೈಗೆ ಬರುತ್ತವೆ? ಉಳಿದವು ಎಲ್ಲಿ ಮಾರಾಟವಾಗುತ್ತವೆ, ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಬರುತ್ತದೆ? ಮುಂದಿನ ಪ್ರತಿಗಳನ್ನು ನೀವು ಕೊಳ್ಳಬೇಕಾದರೆ ಬೆಲೆ ಎಷ್ಟು? ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಯಾರ ಹೆಸರಿನಲ್ಲಿರುತ್ತದೆ? ಮುಖಪುಟ ಚಿತ್ರದ ಹಕ್ಕು ನಿಮಗೆ ಬರುತ್ತದೆಯೇ? ‘ರಾಜ್ಯದ ಎಲ್ಲ ಅಂಗಡಿಗಳಲ್ಲಿ ಲಭ್ಯ’ ಎಂದರೆ, ಮಂಗಳೂರಿನ ಯಾವ ಅಂಗಡಿಯಲ್ಲಿ ಅವರ ಹಿಂದಿನ ಪುಸ್ತಕಗಳಿವೆ ಎಂದು ಕೇಳಿ, ಹೋಗಿ ನೋಡಿ. ಉತ್ತರ ತಡವರಿಸಿದರೆ ಆ ಹಣದಲ್ಲಿ ನೀವೇ ಪ್ರಕಾಶಕರಾಗಬಹುದು.

ಸ್ವಂತ ಪ್ರಕಾಶನ

ಸ್ವತಃ ಪ್ರಕಟಿಸುವುದು ಕರಾವಳಿಯಲ್ಲಿ ಗೌರವದ ದಾರಿಯೇ. ಇದಕ್ಕೆ ಬೇಕಾದುದು ಸರಿಯಾದ ಲೆಕ್ಕ ಮತ್ತು ಪುಸ್ತಕ ಹೊತ್ತು ತಿರುಗುವ ತಾಳ್ಮೆ.

ಮುದ್ರಕರಲ್ಲಿಗೆ ಹೋಗುವಾಗ ಅವರ ಮಾತಿನ ಪರಿಚಯವಿರಲಿ. ಸಾಮಾನ್ಯ ಕನ್ನಡ ಪುಸ್ತಕದ ಆಕಾರ ಡೆಮಿ 1/8, ಅಂದರೆ ಡೆಮಿ ಎಂಬ ಅಳತೆಯ ಹಾಳೆಯ ಎಂಟನೆಯ ಒಂದು ಭಾಗ. ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ ದಪ್ಪ ಆರ್ಟ್ ಕಾರ್ಡ್ ಬಳಸುವುದು ವಾಡಿಕೆ. ಒಟ್ಟಿಗೆ ಅಚ್ಚಾಗುವ 16 ಪುಟಗಳಿಗೆ ಒಂದು ಫಾರಂ. ಆದ್ದರಿಂದ ಪುಸ್ತಕ 160 ಪುಟಕ್ಕೆ ನಿಂತರೆ ಹತ್ತು ಫಾರಂ ಸರಿಹೋಗುತ್ತದೆ. 163ಕ್ಕೆ ಹೋದರೆ ಮೂರು ಪುಟಕ್ಕಾಗಿ ಕಾಗದ ವ್ಯರ್ಥ. ಬೈಂಡಿಂಗ್ ಬರೀ ಅಂಟಿನದೋ ಹೊಲಿಗೆಯದೋ ಎಂದು ಕೇಳಿ. ದಪ್ಪ ಪುಸ್ತಕಕ್ಕೆ ಹೊಲಿಗೆಯೇ ಬಾಳಿಕೆ ಬರುತ್ತದೆ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲದಿದ್ದರೂ ಮುದ್ರಕರ ಬಿಲ್ಲಿನಲ್ಲಿ ತೆರಿಗೆ ಸೇರುವುದರಿಂದ, ದರಪಟ್ಟಿಯನ್ನು ತೆರಿಗೆ ಸಹಿತವಾಗಿಯೇ ಕೇಳಿ ಹೋಲಿಸಬೇಕು.

ಈಗ ಹಣದ ವಿಚಾರ. ಕ್ರಮ ತಿಳಿಯುವುದಕ್ಕಾಗಿ ಮಾತ್ರ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. 500 ಪ್ರತಿಗಳ ಮುದ್ರಣಕ್ಕೆ ಪ್ರತಿಯೊಂದಕ್ಕೆ ₹70ರಂತೆ ₹35,000, ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟಗಳಿಗೆ ₹15,000; ಒಟ್ಟು ₹50,000. ಮುಖಬೆಲೆ ₹200 ಇಟ್ಟು ಅಂಗಡಿಗೆ ಶೇ. 35 ರಿಯಾಯಿತಿ ಕೊಟ್ಟರೆ ನಿಮ್ಮ ಕೈಸೇರುವುದು ₹130. ಹಾಕಿದ ಹಣ ಮರಳಲು 385 ಪ್ರತಿಗಳು ಮಾರಾಟವಾಗಬೇಕು, ಹಣವೂ ವಸೂಲಾಗಬೇಕು. ಗೌರವ ಪ್ರತಿ, ವಿಮರ್ಶೆಯ ಪ್ರತಿ, ಬಂಧುಗಳಿಗೆ ಕೊಟ್ಟ ಪ್ರತಿಗಳೆಂದು ಅರುವತ್ತು ಎಪ್ಪತ್ತು ಹೋಗುತ್ತವೆ ಎಂದಿಟ್ಟುಕೊಂಡರೆ ಉಳಿಯುವ ಅಂತರ ತೀರ ಕಡಿಮೆ. ಇದೇ ಪ್ರತಿಯನ್ನು ನೀವೇ ಶೇ. 10 ರಿಯಾಯಿತಿಯಲ್ಲಿ ನೇರವಾಗಿ ಮಾರಿದರೆ ₹180 ಸಿಗುತ್ತದೆ. 278 ಪ್ರತಿಗಳಿಗೇ ಹಾಕಿದ ಹಣ ಮರಳುತ್ತದೆ, ಅಂಚೆ ವೆಚ್ಚ ಬೇರೆ. ಆದ್ದರಿಂದ ನೇರ ಮಾರಾಟಕ್ಕೆ ನಿಮ್ಮಲ್ಲಿ ಎಷ್ಟು ಹೆಸರುಗಳಿವೆ ಎಂಬುದನ್ನು ಎಣಿಸಿ, ಪ್ರತಿಗಳ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ನಿಶ್ಚಯಿಸಿ. ಸಾವಿರ ಪ್ರತಿ ಹಾಕಿಸಿದರೆ ಪ್ರತಿಯೊಂದರ ಖರ್ಚು ಇಳಿಯುತ್ತದೆ ಎಂದು ಮುದ್ರಕರು ಹೇಳುವುದು ನಿಜವೇ. ಆದರೆ ಮಾರಾಟವಾಗದ ಪ್ರತಿಗಳನ್ನು ನಮ್ಮ ಕರಾವಳಿಯ ತೇವದಲ್ಲಿ ಮಳೆಗಾಲವಿಡೀ ಅಟ್ಟದ ಮೇಲೆ ಇಟ್ಟರೆ ಬೂಸು ಹಿಡಿಯುತ್ತದೆ, ಹಾಳೆ ಅಲೆಯೇಳುತ್ತದೆ, ಗೆದ್ದಲಿನ ಭಯ ಬೇರೆ. ಮೊದಲ ಪುಸ್ತಕಕ್ಕೆ 300ರಿಂದ 500 ಪ್ರತಿ ಸಾಕು.

ಅಷ್ಟೂ ಬೇಡವೆನಿಸಿದರೆ ಬೇಡಿಕೆಗೆ ತಕ್ಕಂತೆ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆಯಿದೆ. ಬೆಂಗಳೂರಿನ ಪೋಥಿ, ಚೆನ್ನೈಯ ನೋಷನ್ ಪ್ರೆಸ್ ಇಂಥ ಸೇವೆ ನೀಡುತ್ತವೆ. ಪ್ರತಿಯ ಖರ್ಚು ಹೆಚ್ಚು, ಆದರೆ ದಾಸ್ತಾನು ಇಲ್ಲ. ಕಡಿಮೆ ಓದುಗರಿರುವ, ಆದರೆ ಬಹುಕಾಲ ಲಭ್ಯವಿರಬೇಕಾದ ಶಾಸ್ತ್ರಗ್ರಂಥ, ವಂಶಾವಳಿ, ಪ್ರಬಂಧಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಐಎಸ್‌ಬಿಎನ್‌ಗಾಗಿ ಯಾರಿಗೂ ಹಣ ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಈ 13 ಅಂಕಿಗಳ ಸಂಖ್ಯೆಯನ್ನು ಆನ್‌ಲೈನ್ ಅರ್ಜಿಯ ಮೇಲೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಮುದ್ರಿತ ಪ್ರತಿಗೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಅರ್ಜಿ ತೀರ್ಮಾನವಾಗಲು ಸಮಯ ಹಿಡಿಯುವುದರಿಂದ ಪುಟವಿನ್ಯಾಸ ಆರಂಭವಾಗುವಾಗಲೇ ಹಾಕಿಬಿಡಿ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಯನ್ನು (ಗ್ರಂಥಾಲಯಗಳಿಗಾಗಿ ಒಂದೇ ಕಡೆಯಿಂದ ಪುಸ್ತಕ ಕೊಳ್ಳುವ ಯೋಜನೆ) ನಂಬಿ ಪ್ರಕಟಿಸುವವರು ಬಹಳ. ಅರ್ಜಿ ಖಂಡಿತ ಹಾಕಬೇಕು. ಆದರೆ ಆಯ್ಕೆ ನಿಶ್ಚಿತವಲ್ಲ, ಬೆಲೆಯನ್ನು ಇಲಾಖೆಯ ದರದಂತೆ ಲೆಕ್ಕ ಹಾಕುತ್ತಾರೆ, ಹಣ ಬರುವುದು ತಡವಾಗುತ್ತದೆ. ಅದನ್ನೇ ನಂಬಿ ಸಾಲ ಮಾಡುವುದು ಸರ್ವಥಾ ಬೇಡ.

ಇ-ಪುಸ್ತಕ, ಕೇಳುಪುಸ್ತಕ

ಅಮೆಜಾನ್ 2016ರ ಕೊನೆಯಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹೀಗಾಗಿ ಯಾವುದೇ ವೇದಿಕೆಯಲ್ಲಿ ಕಡತ ಸಿದ್ಧಪಡಿಸುವ ಮೊದಲು ಕನ್ನಡಕ್ಕೆ ಅವಕಾಶವಿದೆಯೇ ಎಂದು ನೋಡಿಕೊಳ್ಳಿ. ಕನ್ನಡಕ್ಕೆಂದೇ ರೂಪುಗೊಂಡ ಮೈಲ್ಯಾಂಗ್‌ನಲ್ಲಿ ಇ-ಪುಸ್ತಕ, ಕೇಳುಪುಸ್ತಕ ಎರಡೂ ಇವೆ. ಪ್ರತಿಲಿಪಿಯಂಥ ವೇದಿಕೆಯಲ್ಲಿ ಧಾರಾವಾಹಿಯಾಗಿ ಬರೆದು ಓದುಗರನ್ನು ಗಳಿಸಿಕೊಂಡವರೂ ಇದ್ದಾರೆ. ಆದರೆ ಅಲ್ಲಿ ಪ್ರಕಟವಾದುದನ್ನು ಕೆಲವು ಸ್ಪರ್ಧೆಗಳು ಒಪ್ಪದಿರಬಹುದು. ಎರಡೂ ಕಡೆಯ ನಿಯಮ ಓದಿ.

ಒಪ್ಪಂದಪತ್ರ

ನಮ್ಮಲ್ಲಿ ಪ್ರಕಾಶಕರು ಪರಿಚಿತರೇ ಆಗಿರುವುದರಿಂದ ಕಾಗದಪತ್ರ ಕೇಳುವುದು ಮುಜುಗರವೆನಿಸುತ್ತದೆ. ಕೇಳಲೇಬೇಕು. ಒಳ್ಳೆಯ ಪ್ರಕಾಶಕರು ಇದರಿಂದ ಬೇಸರಪಡುವುದಿಲ್ಲ, ಮತ್ತು ಸ್ನೇಹ ಉಳಿಯುವುದೂ ಹೀಗೆಯೇ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು. ಅದು ಲೇಖಕರ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು ಬರಹದಲ್ಲಿ, ಸಹಿಯೊಂದಿಗೆ ನಡೆದರೆ ಮಾತ್ರ ಸಿಂಧು. ಅದೇ ಕಾಯಿದೆಯ 19ನೆಯ ಕಲಮು ಹೊಸ ಲೇಖಕರು ಓದಿಕೊಂಡಿರಬೇಕಾದ ಭಾಗ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ಭಾವಿಸಲಾಗುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಷರತ್ತಿಲ್ಲದ ಪಕ್ಷದಲ್ಲಿ, ಅದು ಲೇಖಕರಿಗೆ ಮರಳುತ್ತದೆ. ಹೀಗಿರುವಾಗ ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಎಂಬ ಸಾಲಿಗೆ ಸಹಿ ಹಾಕುವುದೆಂದರೆ ಕಾನೂನು ಕೊಟ್ಟ ರಕ್ಷಣೆಯನ್ನು ಕೈಯಾರೆ ಬಿಟ್ಟಂತೆ.

ನನ್ನ ಸಲಹೆಯಿಷ್ಟು: ಮುದ್ರಿತ ಕನ್ನಡ ಆವೃತ್ತಿಯ ಹಕ್ಕನ್ನು ಒಂದು ಮುದ್ರಣಕ್ಕೆ ಅಥವಾ ಮೂರರಿಂದ ಐದು ವರ್ಷಕ್ಕೆ ಕೊಡಿ. ಇ-ಪುಸ್ತಕ, ಧ್ವನಿ, ಅನುವಾದ, ನಾಟಕ, ಚಲನಚಿತ್ರ, ಯಕ್ಷಗಾನ ಪ್ರಸಂಗ ಈ ಹಕ್ಕುಗಳನ್ನು ಹೆಸರಿಸಿ ನಿಮ್ಮಲ್ಲಿ ಉಳಿಸಿಕೊಳ್ಳಿ. ಕಥೆಯೊಂದು ತುಳು ನಾಟಕವಾಗಿ ಊರೂರು ತಿರುಗುವ ಸಾಧ್ಯತೆ ಈ ನಾಡಿನಲ್ಲಿ ದೂರದ ಮಾತಲ್ಲ. ಪ್ರತಿಗಳ ಸಂಖ್ಯೆ, ಪ್ರಕಟವಾಗಬೇಕಾದ ತಿಂಗಳು, ರಾಯಧನದ ಪ್ರಮಾಣ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ದಿನ, ಲೇಖಕರಿಗೆ ಉಚಿತ ಪ್ರತಿ, ಹೆಚ್ಚಿನ ಪ್ರತಿಗಳ ಮೇಲಿನ ರಿಯಾಯಿತಿ, ಪುಸ್ತಕ ಮುಗಿದು ಇಷ್ಟು ತಿಂಗಳೊಳಗೆ ಮರುಮುದ್ರಣವಾಗದಿದ್ದರೆ ಹಕ್ಕು ಮರಳುವ ಷರತ್ತು ಇವಿಷ್ಟಿರುವ ಎರಡು ಪುಟದ ಪತ್ರ ಸಾಕು.

ಮುದ್ರಣದ ತಿಂಗಳು, ಆನಂತರದ ಕೆಲಸ

ಗ್ರಂಥಾಲಯ ಖರೀದಿಗೂ ಅನೇಕ ಪ್ರಶಸ್ತಿಗಳಿಗೂ ಇಂಥ ವರ್ಷದಲ್ಲಿ ಪ್ರಕಟವಾದ ಪುಸ್ತಕ ಎಂಬ ನಿಯಮವಿರುತ್ತದೆ. ಡಿಸೆಂಬರಿನಲ್ಲಿ ಹೊರಬಂದ ಪುಸ್ತಕ ಕೆಲವೇ ವಾರಗಳಲ್ಲಿ ಕಳೆದ ವರ್ಷದ್ದಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಯಲ್ಲಿ ಕಾಗದ ತೇವ ಎಳೆದುಕೊಳ್ಳುತ್ತದೆ, ಮುಖಪುಟ ಸುರುಳಿಯಾಗುವುದೂ ಉಂಟು. ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಮುದ್ರಣಕ್ಕೂ ಬಿಡುಗಡೆಗೂ ಅನುಕೂಲ. ಬಿಡುಗಡೆಯನ್ನು ಸನ್ಮಾನಗಳಿಂದ ತುಂಬಿಸದೆ, ಪುಸ್ತಕ ಓದಿ ಬಂದ ಒಬ್ಬರಿಂದ ಮಾತನಾಡಿಸಿ. ಪ್ರವೇಶದ ಬಳಿ ಮಾರಾಟದ ಮೇಜು, ಚಿಲ್ಲರೆ, ಯುಪಿಐ ಸಂಕೇತ ಸಿದ್ಧವಿರಲಿ. ಮಂಗಳೂರಿನ ಕರಾವಳಿ ಲೇಖಕಿಯರ ವಾಚಕಿಯರ ಸಂಘ, ಉಡುಪಿಯ ರಥಬೀದಿ ಗೆಳೆಯರು ಮುಂತಾದ ಬಳಗಗಳಲ್ಲಿ ಪುಸ್ತಕದ ಚರ್ಚೆಗೆ ಅವಕಾಶ ಕೇಳಿಕೊಳ್ಳಿ.

1954ರ ಕಾಯಿದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸುವುದು ಪ್ರಕಾಶಕರ ಹೊಣೆ. ಸ್ವಂತ ಪ್ರಕಾಶನವಾದರೆ ಅದು ನಿಮ್ಮದೇ. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದ ಕೃತಿಸ್ವಾಮ್ಯ ವಿಭಾಗಕ್ಕೂ ಪ್ರತಿ ಸಲ್ಲಿಸಿ ನೋಂದಣಿ ಮಾಡಿಸಿ, ಸ್ವೀಕೃತಿಯನ್ನು ಜೋಪಾನವಾಗಿಡಿ.

ಫೆಬ್ರವರಿಯಲ್ಲಿ ಪುಸ್ತಕ ಹೊರಬರಬೇಕೆಂದಿದ್ದರೆ ಮುನ್ನುಡಿ ಬರೆಯುವ ಹಿರಿಯರ ಕೈಗೆ ಹಸ್ತಪ್ರತಿ ಹಿಂದಿನ ಜುಲೈಯಲ್ಲಿಯೇ ಸೇರಬೇಕು. ಅವರಿಗೆ ಎರಡು ತಿಂಗಳಾದರೂ ಬೇಕು, ಅವಸರಪಡಿಸುವುದು ಸಲ್ಲದು. ಸೆಪ್ಟೆಂಬರಿನಲ್ಲಿ ಪುಟವಿನ್ಯಾಸ ಮತ್ತು ಐಎಸ್‌ಬಿಎನ್ ಅರ್ಜಿ, ಅಕ್ಟೋಬರ್ ಹಾಗೂ ನವೆಂಬರಿನಲ್ಲಿ ಮೂರು ಸುತ್ತಿನ ಕರಡು, ಡಿಸೆಂಬರಿನಲ್ಲಿ ಮುಖಪುಟ ಮತ್ತು ಬೆನ್ನುಡಿ. ಜನವರಿ ಮೊದಲ ವಾರ ಮುದ್ರಕರಿಂದ ಒಂದೇ ಒಂದು ಮಾದರಿ ಪ್ರತಿ ತರಿಸಿ, ಶೀರ್ಷಿಕೆಯ ಹಿಂಬದಿಯ ಪುಟದಲ್ಲಿ ಹಕ್ಕು ನಿಮ್ಮ ಹೆಸರಿನಲ್ಲಿದೆಯೇ, ವರ್ಷ ಸರಿಯಿದೆಯೇ ಎಂದು ನೋಡಿದ ಮೇಲೆಯೇ ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಿ.